ಗೋಕರ್ಣದಲ್ಲಿ ಒಂದು ಮಧ್ಯಾಹ್ನ

ರಾಯಚೂರು ಜಿಲ್ಲೆಯ ಮಾನ್ವಿಯ ಕಾಲೇಜಿನಲ್ಲಿ ಪಾಠ ಮಾಡುವ ಶಶಿಕಲಾ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬಳೇ ಕರಾವಳಿ ಸುತ್ತುತ್ತಿದ್ದಳು. ಗೋಕರ್ಣದಲ್ಲಿ ಮಧ್ಯಾಹ್ನ ಕಳೆದು ಸಂಜೆ ಗೋವಾ ರೈಲು ಹತ್ತುವವಳಿದ್ದಳು. ಸಮುದ್ರದ ದಂಡೆಯ ಹೋಟೆಲಿನಲ್ಲಿ ಊಟಕ್ಕೆ ಕೂರಬೇಕು ಎನ್ನುವಷ್ಟರಲ್ಲಿ ಹಿತ್ತಲಿನಿಂದ ಚೀರಾಟ ಕೇಳಿತು.

“ಯಪ್ಪಾ, ಹೊಡಿಬ್ಯಾಡ್ರೀ! ಊರಿಗೆ ಹೋಗ್ತೀನಿ ಅಂದಿದ್ದೇ ತಪ್ಪಾತೇನ್ರೀ?”

ಅದು ತನ್ನ ಸೀಮೆಯ ಮಾತು. ಶಶಿಕಲಾ ಓಡಿದಳು. ಪಾತ್ರೆ ತೊಳೆಯುವ ಹುಡುಗಿಯ ತಲೆಯನ್ನು ಮಾಲೀಕ ಗೋಡೆಗೆ ಜಜ್ಜುತ್ತಿದ್ದ.

“ಬಿಡ್ರೀ ಆಕಿನ್ನ!” ಎಂದು ಅಡ್ಡ ಹೋದವಳ ಬಾಯಿಗೆ ಗುದ್ದಿದ. ಹಲ್ಲು ಮುರಿದು ರಕ್ತ ಸುರಿಯಿತು. ಅವಳು ಬೆನ್ನಿನ ಚೀಲ ಕಳಚಿ ಅವನ ಮುಖಕ್ಕೆ ಅಪ್ಪಳಿಸಿದಳು. ಅವನು ಅವಳನ್ನು ನೆಲಕ್ಕೆ ಕೆಡವಿ ಕತ್ತು ಹಿಸುಕತೊಡಗಿದ. ಅವಳಿಗೆ ಕಣ್ಣು ಕತ್ತಲೆಗಟ್ಟುವಷ್ಟರಲ್ಲಿ ಹುಡುಗಿ ಒಲೆಯ ಸೌದೆ ತಂದು ಅವನ ಮೊಣಕೈ ಮುರಿಯುವಂತೆ ಬಾರಿಸಿದಳು.

ಗಲಾಟೆ ಕೇಳಿ ಸೇರಿದ ಗಿರಾಕಿಗಳು ಕರೆಸಿದ ಪೊಲೀಸರು ಅವನನ್ನು ಎಳೆದೊಯ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಹುಡುಗಿ ಶಶಿಕಲಾಳ ಪಕ್ಕ ಕೂತಳು.

“ನಾ ಗದ್ದೆಮ್ಮ ಅಂತ್ರೀ, ದೇವದುರ್ಗದಾಕಿ. ನನ್ನ ಸಲುವಾಗಿ ನಿಮ್ಮ ಹಲ್ಲು ಹೋತಲ್ರೀ ಯಕ್ಕಾ.”

“ಹೋಗ್ಲಿ ಬಿಡು ತಂಗಿ. ನೀ ಇಲ್ಲಂದಿದ್ರ ನನ್ನ ಜೀವಾನ ಹೋಗ್ತಿತ್ತು. ನಾಳಿ ಇಬ್ರೂ ಕೂಡೇ ರಾಯಚೂರಿಗೆ ಹೋಗೂನು.”

ಗದ್ದೆಮ್ಮ ಅವಳ ತೋಳಿಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತಳು.