ಐದನೆಯ ಹೂವು

ಐದನೆಯದು ಬಾಡಿದೆ, ಉಳಿದ ನಾಲ್ಕು ಬುಜೋರ್ ಹೂಗಳು ಜಾಡಿಯಲ್ಲಿ ಎದೆ ಸೆಟೆಸಿ ನಿಂತಿವೆ, ಇದೊಂದು ಮಾತ್ರ ಕುಡುಕನ ಹಾಗೆ ಕತ್ತು ಜೋಲುಬಿಟ್ಟು ಮೇಜಿನ ಮೇಲೆ ಎಸಳು ಉದುರಿಸುತ್ತಿದೆ, ಯಾಕಾದರೂ ತಂದಳೋ ಈ ಫಿರೂತ ಮುದುಕಿ, ಚೆನ್ನಾಗಿರುವ ನಾಲ್ಕನ್ನು ಕೊಟ್ಟು ಕೈ ತೊಳೆದುಕೊಳ್ಳಬಾರದಿತ್ತೆ, ಬೆಳಿಗ್ಗೆ ಬೆಳಿಗ್ಗೆ ಹೂ ಹಿಡಿದು ಹಲ್ಲು ಗಿಂಜಿದರೆ ಮೊಮ್ಮಗಳಿಗೆ ಲೆಕ್ಕ ಬಂದುಬಿಡುತ್ತದೆಯೆ — ಟೀಚರು ವೆತೂರಿಯ ತನ್ನ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮುಂದೆ ಜಿಲ್ಲೆಯವರ ಹಾಳೆ, ಆ ಮೊಮ್ಮಗಳು ಸಾವೇತಳ ಹೆಸರು, ಕೆಳಗೆ ಎರಡೇ ಚೌಕ, ಒಂದನೇ ತರಗತಿಗೆ ಯೋಗ್ಯ, ಇಲ್ಲವೇ ಪಟ್ಟಣದ ಮಂದಮತಿಗಳ ಶಾಲೆ, ಅಲ್ಲಿ ಕಬ್ಬಿಣದ ಮಂಚ, ತಿಂಗಳಿಗೊಮ್ಮೆ ಮನೆ, ಮೂರು ಗಂಟೆಯ ಬಸ್ಸಿಗೆ ಹಾಳೆ ಹೋಗಬೇಕು. ನನ್ನ ಬಿಟ್ಟು ಅದು ಒಂದಿನಾನೂ ಮಲಗಿಲ್ಲ ಟೀಚರಮ್ಮ, ಅವ್ವ ಸತ್ತಾಗಿಂದ ನನ್ನ ಲಂಗ ಹಿಡ್ಕೊಂಡೇ ಓಡಾಡತ್ತೆ, ದಯವಿಟ್ಟು ನೋಡಿ — ಎಲ್ಲ ಮುದುಕಿಯರದ್ದೂ ಇದೇ ರಾಗ, ಮನೆಯಲ್ಲಿ ಮುದ್ದು ಮಾಡಿ ಕೆಡಿಸುವುದು, ಇಲ್ಲಿ ತಂದು ಸುರಿಯುವುದು, ಮೂವತ್ತೊಂದು ವರ್ಷ ಮೂಗು ಸುರಿಸುವ ಇವುಗಳ ಮುಂದೆ ಒಂದು ಎರಡು ಮೂರು ಅಂದದ್ದೇ ಬಂತು, ಏಳು ಆಕ್ರೋಡಿನಲ್ಲಿ ಮೂರು ತೆಗೆದರೆ ಎಷ್ಟು ಅಂದರೆ ಮೂರನ್ನು ಬಾಯಿಗೆ ಹಾಕಿಕೊಂಡು ಇನ್ನೂ ಹಸಿವು ಅನ್ನುವ ಗೂಬೆಗಳು, ಆದರೂ ಆಕ್ರೋಡೇ ವಾಸಿಯಿತ್ತು, ಆ ಟೈ ಕಟ್ಟಿದ ಇನ್ಸ್‌ಪೆಕ್ಟರ್, ಮೀಸೆ ಬಾರದ ಪಂಡಿತ, ಆಕ್ರೋಡೆಲ್ಲ ಹಳೇಕಾಲ ಮೇಡಂ, ಕಾಗದದ ಹೂ ಕತ್ತರಿಸಿ, ಮಕ್ಕಳು ಟೀಚರಿಗೆ ಹೂ ಕೊಡುವ ಆಟ, ಎರಡು ಕೂಡಿಸು ಎರಡು, ಅಂತ ಹೇಳಿ ಕಾರು ಹತ್ತಿದ, ಕತ್ತರಿಸಿದವಳು ಯಾರು, ವೆತೂರಿಯ, ರಾತ್ರಿಯೆಲ್ಲ ಬೆರಳು ಬೊಬ್ಬೆ.

ಎರಡು ಇಡು, ಸರಿ, ಇನ್ನೆರಡು ಇಡು, ಸರಿ, ಟೀಚರಿಗೆ ಎಷ್ಟು ಹೂ ಕೊಟ್ಟೆ ಈಗ — ಆ ಪೆದ್ದು ಸಾವೇತ ನಾಲ್ಕು ಕಾಗದದ ಹೂವನ್ನೂ ನೋಡಿತು, ವೆತೂರಿಯಳ ಮುಖ ನೋಡಿತು, ಒಂದನ್ನು ಎತ್ತಿ ಜೇಬಿಗೆ ತುರುಕಿಕೊಂಡು ಮೂರು ಅಂದಿತು, ಜೇಬಿನಿಂದ ಕೆಂಪು ಎಸಳೊಂದು ಇಣುಕುತ್ತಿತ್ತು, ಕಳ್ಳಿ, ಕಿತ್ತುಕೊಂಡು ಮತ್ತೆ ಇಡಿಸಿದರೆ ಮತ್ತೆ ಅದೇ, ಮೂರನೆಯ ಸಲವೂ ಅದೇ, ಜೇಬು, ಎಸಳು, ಮೂರು, ಕಣ್ಣಲ್ಲಿ ನೀರು ಬೇರೆ, ಏನೋ ಗೊಣಗಿತು, ನೀವಿನ್ನೂ ಅಂತಲೋ ಏನೋ, ಬಾಯಿ ಮುಚ್ಚು, ಕತೆ ಬೇಡ, ಸಂಖ್ಯೆ ಹೇಳು. ಸಾಕು, ಮಂದಮತಿಯೇ ಸರಿ, ಗೆರೆ ಎಳೆದು ಮುಗಿಸುವುದು, ಅದಕ್ಕೂ ಮೊದಲು ಈ ದರಿದ್ರ ಹೂವನ್ನು ಕಸಕ್ಕೆ ಹಾಕಬೇಕು, ವೆತೂರಿಯ ಬಾಡಿದ್ದನ್ನು ಹಿಡಿದೆಳೆದಳು, ನೀರು ತೊಟ್ಟಿಕ್ಕಿತು, ಜಾಡಿಯಲ್ಲಿ ನಾಲ್ಕು ಉಳಿದವು.

ನಾಲ್ಕು. ಕೈ ಅಲ್ಲೇ ನಿಂತಿತು. ಮಾರ್ಚಿನಲ್ಲಿ ಗವ್ರಿಲನ ಹಸಿ ಮಣ್ಣಿನ ಮೇಲೆ ನಾಲ್ಕು ಇಟ್ಟು ಬಂದಿದ್ದಳು, ಗಂಡನಿಗೆ ಕೊಟ್ಟ ಕೊನೆಯ ಹೂ, ಅಂಗಡಿಯವಳು ಕೇಳಿದ್ದಳಲ್ಲ, ಮನೆಗಾ ಅಮ್ಮಾ, ಸಮಾಧಿಗಾ, ಬದುಕಿದವರಿಗೆ ಬೆಸ, ಮೂರೋ ಐದೋ, ಸತ್ತವರಿಗೆ ಸರಿ, ಎರಡೋ ನಾಲ್ಕೋ, ಈ ಊರಲ್ಲಿ ಯಾರಿಗೆ ಗೊತ್ತಿಲ್ಲ ಅದು, ಫಿರೂತಳಿಗೆ ಗೊತ್ತು, ಅದಕ್ಕೇ ಬಾಡಿದ್ದಾದರೂ ಸರಿ ಅಂತ ಐದನೆಯದನ್ನು ಸೇರಿಸಿದಳು, ಅವ್ವನ ಮಣ್ಣಿನ ಮೇಲೆ ಹೂ ಎಣಿಸಿ ಇಟ್ಟ ಕೂಸಿಗೂ ಗೊತ್ತು, ಗೊತ್ತಿಲ್ಲದವರು ಇಬ್ಬರೇ, ಆ ಮೀಸೆ ಬಾರದ ಪಂಡಿತ, ಮತ್ತೆ ಈ ಮೂವತ್ತೊಂದು ವರ್ಷದ ಹೆಗ್ಗೂಬೆ, ಮೂರು ಸಲ ತನ್ನ ಮುಂದೆ ತಾನೇ ಸಮಾಧಿಯ ಹೂ ಇಡಿಸಿಕೊಂಡವಳು, ಮೂರು ಸಲವೂ ಅದು ಎಣಿಸಿತು, ನಾಲ್ಕೆಂದು ಕಂಡಿತು, ಕಂಡದ್ದಕ್ಕೇ ಒಂದನ್ನು ತೆಗೆಯಿತು, ಗೊಣಗಿದ್ದೂ ಈಗ ಕೇಳುತ್ತಿದೆ, ಪೂರ್ತಿ — ನೀವಿನ್ನೂ ಸತ್ತಿಲ್ಲವಲ್ಲ ಟೀಚರಮ್ಮ. ವೆತೂರಿಯ ಬಾಡಿದ ಹೂವನ್ನು ಮತ್ತೆ ಜಾಡಿಗೆ ಸಿಕ್ಕಿಸಿದಳು, ನಿಲ್ಲಲಿಲ್ಲ, ಮಿಕ್ಕವುಗಳಿಗೆ ಒರಗಿಸಿದಳು, ಯೋಗ್ಯ ಎಂಬ ಚೌಕದಲ್ಲಿ ಗೆರೆ ಎಳೆದಳು, ಕೆಳಗೆ ಕಾರಣ ಬರೆಯಿರಿ ಅಂತಿದೆ, ಒಂದೇ ಸಾಲು ಜಾಗ, ಏನು ಬರೆಯುವುದು ಇವರಿಗೆ, ಮಗು ನಾಲ್ಕಕ್ಕೆ ಮೂರೆಂದಿತು, ಯಾಕೆಂದರೆ ಟೀಚರು — ಯಾಕೆಂದರೆ — ಕಣ್ಣ ಮುಂದೆ ಅದೇ ಪುಟ್ಟ ಜೇಬು, ಅದರಿಂದ ಇಣುಕುವ ಕೆಂಪು ಎಸಳು.