ಅಮ್ಮನ ಸೊಂಟದ ಗುದ್ದು

ಹಳೆಯ ಪಿನ್‌ಬಾಲ್ ಆಟದ ಮೆಷಿನ್ನುಗಳ ಪ್ರದರ್ಶನದಲ್ಲಿ ಪಕ್ಕದ ಮೆಷಿನ್ನಿನವನಿಗೆ ರಿಪೇರಿಯವಳು ಇಟ್ಟ ಹೆಸರು ಪಾಲಿಶ್ ಪಂಡಿತ. ಬೆಳಗಿನಿಂದ ಗಾಜು ಒರೆಸುತ್ತಲೇ ಇದ್ದ. ಮೆಷಿನ್ನಿನ ಹಿಂದಿನ ಕಾಲುಗಳನ್ನು ಎತ್ತರಿಸಿ ಇಳಿಜಾರು ಕೊಡುವ ಗೊಡವೆಗೇ ಹೋಗಿರಲಿಲ್ಲ. ಚೆಂಡು ಉಂಡು ಎದ್ದ ಬೀಗರ ಹಾಗೆ ಓಲಾಡಿಕೊಂಡು ಇಳಿಯುತ್ತಿತ್ತು.

"ಇದೇನು ಆಟಾನೋ, ವಾಯುವಿಹಾರಾನೋ?" ಎಂದಳು.

"ನಿಮ್ಮ ಮೆಷಿನ್ನು ಮುಖ ತೊಳ್ಕೊಂಡು ಎಷ್ಟು ವರ್ಷ ಆಯ್ತಮ್ಮ?"

ಅವಳು ಮೂಗು ಮುರಿದಳು. ಅವಳದು ಅಮ್ಮನ ಸೈಕಲ್ ಅಂಗಡಿಯ ಮೂಲೆಯಲ್ಲಿದ್ದ ಮೆಷಿನ್ನು. ಅಂಗಡಿ ಮುಚ್ಚಿದ ಮೇಲೆ ಕೆಟ್ಟು ಬಿದ್ದಿದ್ದಕ್ಕೆ ಅವಳೇ ಜೀವ ಕೊಟ್ಟಿದ್ದಳು. ಇವತ್ತು ಅಮ್ಮ ಬಂದು ಆಡಿ, ಇದು ನನ್ನದೇ ಎಂದುಬಿಟ್ಟರೆ ಅವಳಿಗೆ ಅಷ್ಟೇ ಸಾಕಿತ್ತು.

ಮೆಷಿನ್ನು ಅಲುಗಾಡಿಸಿ ಚೆಂಡು ಉಳಿಸಿಕೊಳ್ಳುವವರನ್ನು ಕಂಡರೆ ಅವಳಿಗೆ ಆಗದು. ಒಳಗೆ ಒಂದು ಬಳೆಯ ನಡುವೆ ಬುಗುರಿಯಾಕಾರದ ತೂಗುಗುಂಡು ನೇತಾಡುತ್ತದೆ. ಮೆಷಿನ್ನು ಅಲುಗಿ ಅದು ಬಳೆಗೆ ತಾಗಿದರೆ ಆಟ ನಿಂತಂತೆಯೇ. ಆ ಸಂದನ್ನು ಅವಳು ಕೂದಲೆಳೆಯಷ್ಟಕ್ಕೆ ಇಳಿಸಿಟ್ಟಿದ್ದಳು. ಕಳ್ಳಾಟದವರು ಬಾಯಿ ಬಡಿದುಕೊಳ್ಳಲಿ!

ಅಮ್ಮ ಬಂದವಳೇ ಕೈಚೀಲವನ್ನು ಮಗಳ ಕೈಗೆ ತುರುಕಿ ಆಟಕ್ಕೆ ನಿಂತಳು. ಚೆಂಡು ಅಂಚಿನ ಕಾಲುವೆಗೆ ಜಾರಿ ಕೈತಪ್ಪುವ ಹೊತ್ತಿಗೆ ಸೊಂಟದಿಂದ ಒಂದು ಗುದ್ದು ಕೊಟ್ಟಳು. ಮೆಷಿನ್ನು ಸ್ತಬ್ಧವಾಯಿತು.

"ಸತ್ತೋಯ್ತಲ್ಲೇ!"

"ಗುದ್ದಬಾರದು ಅಮ್ಮ."

"ಯಾರು ಹೇಳಿದ್ದು? ಅಂಗಡಿ ಇರೋ ತನಕ ಗುದ್ದಿದೀನಿ. ಇದು ನನ್ನ ಮೆಷಿನ್ನಲ್ಲ ಕಣೇ, ಯಾವುದೋ ಹೆಡ್‌ಮಾಸ್ಟರು. ಮುಟ್ಟಿದ್ರೆ ಮುನಿಸು."

ಪಂಡಿತ ಕಿಸಕ್ಕನೆ ನಕ್ಕ. "ನಮ್ಮದಕ್ಕೆ ಬನ್ನಿ ಅಮ್ಮ. ಒದ್ರೂ ಏನೂ ಅನ್ನಲ್ಲ."

ಅಮ್ಮ ಅತ್ತ ಹೆಜ್ಜೆ ಇಟ್ಟೇಬಿಟ್ಟಳು. ಮಗಳು ಕೈಚೀಲ ಕೆಳಗಿಟ್ಟಳು. ಅಂಗಡಿಯ ಮೂಲೆಯಲ್ಲಿ ಆ ಸೊಂಟದ ಗುದ್ದನ್ನು ಅವಳು ನೋಡಿಕೊಂಡೇ ಬೆಳೆದಿರಲಿಲ್ಲವೇ? ಅದನ್ನೇ ಮರೆತು ಕಳ್ಳರಿಗೆ ಬಲೆ ಹೆಣೆದಿದ್ದಳು.

"ನಿಲ್ಲಮ್ಮ. ಹೆಡ್‌ಮಾಸ್ಟರಿಗೆ ರಜ ಕೊಡ್ತೀನಿ."

ಮೆಷಿನ್ನಿನ ಮುಂದಿನ ಪುಟ್ಟ ಬಾಗಿಲು ತೆರೆದು ಒಳಗೆ ಕೈ ಹಾಕಿ, ತಿರುಪು ಸಡಿಲಿಸಿ, ಗುಂಡನ್ನು ಮೇಲಕ್ಕೇರಿಸಿ ಸಂದು ಅಗಲ ಮಾಡಿದಳು.

ಅಮ್ಮ ಮತ್ತೆ ನಿಂತಳು. ಚೆಂಡು ಜಾರಿತು, ಸೊಂಟ ಗುದ್ದಿತು, ಚೆಂಡು ಪುಟಿದು ಮೇಲೇರಿತು. ದೀಪಗಳು ಉರಿಯುತ್ತಲೇ ಇದ್ದವು.

"ಚೆಂಡು ತಳ್ಳೋ ಎಡಗಡೆ ಬ್ಯಾಟು ಇವತ್ತಿಗೂ ಸೋಮಾರಿ," ತಿರುಗಿಯೂ ನೋಡದೆ ಅಮ್ಮ ಗೊಣಗಿದಳು. "ನನ್ನ ಮೆಷಿನ್ನೇ ಬಿಡು."

ಆ ಬ್ಯಾಟನ್ನು ಸರಿಮಾಡಲು ತಾನು ಹೆಣಗಿ ಸೋತದ್ದನ್ನು ಮಗಳು ಬಾಯಿಬಿಡಲಿಲ್ಲ. ಪಂಡಿತ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ.