ಒಂಬತ್ತು ಸಾವಿರದ ಕಾಗದ

"ಏನೇ ಮುಂಡೆ, ಕಕ್ಕಸಲ್ಲೇ ಮನೆ ಕಟ್ಟಿದ್ಯಾ? ಏಳು ನಿಮಿಷ ಆಯ್ತು!"

ಫೋರ್‌ಮನ್ ಡ್ವೇನ್ ಕೈಗಡಿಯಾರ ಕುಟ್ಟಿ ತೋರಿಸಿದ. ವರ್ನೆಲ್ ಒದ್ದೆ ಗ್ಲೌಸು ಏರಿಸಿಕೊಂಡು ಗರಗಸದ ಮುಂದೆ ನಿಂತಳು. ಬೆಲ್ಟಿನ ಮೇಲೆ ಕ್ಯಾಟ್‌ಫಿಶ್‌ಗಳು ಮೀಸೆ ಅಲ್ಲಾಡಿಸುತ್ತ ಬರುತ್ತಲೇ ಇದ್ದವು. ನಿಮಿಷಕ್ಕೆ ಮೂವತ್ತು ತಲೆ ಹಾರಬೇಕು. ಮಿಸ್ಸಿಸ್ಸಿಪ್ಪಿ ಡೆಲ್ಟಾದ ಈ ಮೀನು ಕಾರ್ಖಾನೆಯಲ್ಲಿ ತಲೆ ಕಡಿಯುವವರೆಲ್ಲ ಕರಿಯ ಹೆಂಗಸರು, ಗಡಿಯಾರ ನೋಡುವವರೆಲ್ಲ ಬಿಳಿಯ ಗಂಡಸರು.

"ಬೊಗಳ್ಲಿ ಬಿಡೆ," ಪಕ್ಕದ ಗರಗಸದ ಓಡೆಸ್ಸಾ ಅಂದಳು. "ಇನ್ನೊಂದು ವಾರಕ್ಕೆ ನೀನು ಜೈಲು ಕಾಯೋ ಗಾರ್ಡಮ್ಮ. ಈ ಬಡ್ಡಿಮಗ ಕುಡ್ದು ಕಾರು ಓಡ್ಸಿ ಒಳಗೆ ಬಿದ್ದಾಗ ಉಚ್ಚೆಗೂ ನಿನ್ನೇ ಕೇಳ್ಬೇಕು."

ಸಾಲಿಗೆ ಸಾಲೇ ನಕ್ಕಿತು.

"ಅಲ್ವೇ, ಒಂಬತ್ತು ಸಾವಿರ ಡಾಲರ್ ಸಾಲ. ಒಂದೂವರೆ ವರ್ಷ ಸಂಜೆ ಸಂಜೆ ಕಾಲೇಜು. ಗಿಟ್ಟುತ್ತಾ?" ಓಡೆಸ್ಸಾ ಕೇಳಿದಳು.

"ಗಂಟೆಗೆ ಐದು ಡಾಲರ್ ಜಾಸ್ತಿ ಅಕ್ಕ. ಕೂರೋಕೆ ಕುರ್ಚಿ. ಯಾರನ್ನೂ ಕೇಳ್ದೆ ಕಕ್ಕಸಿಗೆ ಹೋಗ್ಬೋದು."

"ಕಾಯೋದು ನಮ್ಮ ಹುಡುಗ್ರನ್ನೇ ಕಣೆ."

ವರ್ನೆಲ್ ಇನ್ನೂ ನಾಲ್ಕು ತಲೆ ಕಡಿದಳು. "ಯಾರಾದ್ರೂ ಕಾದೇ ಕಾಯ್ತಾರೆ. ನಾನಾದ್ರೆ ನೀರು ಕೇಳ್ದಾಗ ನೀರಾದ್ರೂ ಕೊಡ್ತೀನಿ."

ಪಾಳಿ ಮುಗಿಸಿ ಮೂರು ಗಂಟೆಗೆ ಅವಳು ಕೌಂಟಿ ಜೈಲಿನ ಆಫೀಸಿನಲ್ಲಿ ಕೆಲಸದ ಸಂದರ್ಶನಕ್ಕೆ ಕೂತಿದ್ದಳು. ನಿಂಬೆ ಹಚ್ಚಿ ಎರಡು ಸಲ ತಿಕ್ಕಿದ್ದರೂ ಕೈಯಿಂದ ಮೀನು ಹೋಗಿರಲಿಲ್ಲ. ಕ್ಯಾಪ್ಟನ್ ಹ್ಯಾಸ್ಕ್ಯೂ ಮೂಗು ಸೊಟ್ಟಗೆ ಮಾಡಿ, ಅವಳ ಸಂಜೆ ಕಾಲೇಜಿನ ಕ್ರಿಮಿನಲ್ ಜಸ್ಟಿಸ್ ಸರ್ಟಿಫಿಕೇಟನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ತಳ್ಳಿ ಕಂಪ್ಯೂಟರ್ ನೋಡಿದ.

"ಕಳ್ಳತನ. ಹನ್ನೊಂದು ವರ್ಷದ ಹಿಂದೆ. ನೀನೇ ತಪ್ಪೊಪ್ಕಂಡಿದೀಯ."

"ಅದು ಮಗೂ ಹಾಲಿನ ಡಬ್ಬ ಸಾರ್. ದುಡ್ಡು ಕೊಟ್ಟಿದ್ದೆ. ಬಿಲ್ಲಿನ ಚೀಟಿ ಕಳ್ದೋಗಿತ್ತು."

"ಮತ್ತೆ ಒಪ್ಕಂಡಿದ್ಯಾಕೆ?"

ಯಾಕೆ! ಡೆಲ್ಟಾದಲ್ಲಿ ಹುಟ್ಟಿದ ಯಾರೂ ಕೇಳದ ಪ್ರಶ್ನೆ. ಅವಳನ್ನು ಹಿಡಿದು ಹಾಕಿದ್ದು ಶುಕ್ರವಾರ. ಸೋಮವಾರ ಬೆಳಿಗ್ಗೆ ಕೋರ್ಟಿನ ಮೊಗಸಾಲೆಯಲ್ಲಿ ಅವಳ ಪರವಾಗಿ ಕೋರ್ಟು ಕೊಟ್ಟ ಪುಕ್ಕಟೆ ವಕೀಲ ನಿಂತುಕೊಂಡೇ ಎರಡು ನಿಮಿಷ ಮಾತಾಡಿದ್ದ. ತಪ್ಪು ಮಾಡಿದೆ ಅಂದರೆ ದಂಡ ಕಟ್ಟಿ ಮಧ್ಯಾಹ್ನವೇ ಮನೆಗೆ. ಮಾಡಿಲ್ಲ ಅಂದರೆ ಮುಂದಿನ ವಿಚಾರಣೆವರೆಗೆ ಒಳಗೆ, ಮೂರು ತಿಂಗಳೋ ನಾಲ್ಕೋ. ಮನೆಯಲ್ಲಿ ಮಗು, ಕಾರ್ಖಾನೆಯಲ್ಲಿ ಪಾಳಿ. ಅವಳ ಹಿಂದೆ ನಿಂತಿದ್ದ ಹದಿನಾಲ್ಕು ಜನರೂ ಅವತ್ತು "ಮಾಡ್ದೆ" ಅಂದೇ ಮನೆಗೆ ಹೋಗಿದ್ದರು. ಬಸ್ಸಿಗೆ ಟಿಕೆಟು ತಗೊಂಡ ಹಾಗೆ.

"ಕಳ್ತನ ಇದ್ದೋರ್ನ ತಗೊಳಲ್ಲ. ಕಾಲೇಜಲ್ಲಿ ಹೇಳ್ಲಿಲ್ವಾ?"

"ಫಾರಮ್ಮಲ್ಲಿ ಬರ್ದಿದ್ದೆ ಸಾರ್. ತೊಂದ್ರೆ ಇಲ್ಲ ಅಂದ್ರು."

"ಅವ್ರಿಗೇನು ತೊಂದ್ರೆ?" ಕ್ಯಾಪ್ಟನ್ ನಕ್ಕ. "ವರ್ಷಕ್ಕೆ ಆರು ಜನ ನಿನ್ನಂಥೋರ್ನ ಕಳಿಸ್ತಾರೆ. ಒಳಗೆ ಬೇಕಾದ್ರೆ ಜಾಗ ಐತೆ, ಬರ್ತೀಯಾ?"

ವರ್ನೆಲ್ ಜೈಲಿಂದ ನೆಟ್ಟಗೆ ಕಾಲೇಜಿಗೆ ಬಂದಳು. ಕಾಲೇಜು ಅಂದರೆ ಲಾಂಡ್ರಿ ಅಂಗಡಿ ಪಕ್ಕದ ಮೂರು ರೂಮು. ಅವತ್ತು ಹೊಸ ತಂಡದ ಸೇರ್ಪಡೆ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಐದು ಜನ ಫಾರಂ ತುಂಬುತ್ತಿದ್ದರು. ಅದರಲ್ಲಿ ಒಬ್ಬಳು ಮೀನು ಪ್ಯಾಕ್ ಮಾಡುವ ವಿಭಾಗದ ಕೆಜಾಯಾ, ಹತ್ತೊಂಬತ್ತರ ಹುಡುಗಿ.

ಹೊಸಬರನ್ನು ಸೇರಿಸಿಕೊಳ್ಳುವ ಮಿಸ್ ಲೊರೇನ್ ಹಲ್ಲು ಬಿಟ್ಟಳು. "ಓಹೋ, ನಮ್ಮ ಆಫೀಸರ್ ಬಂದ್ರು! ಎಲ್ಲರೂ ನೋಡಿ, ಇವ್ರೇ—"

"ಕೆಲಸ ಕೊಡ್ಲಿಲ್ಲ," ವರ್ನೆಲ್ ಅಂದಳು. "ಹಳೇ ಕೇಸು ಐತೆ ಅಂತ ನಿಂಗೆ ಹೇಳಿದ್ನಾ ಇಲ್ವಾ?"

"ಮೆಲ್ಲಗೆ ಮಾತಾಡಮ್ಮ. ನಾವು ಕೊಡೋದು ಶಿಕ್ಷಣ, ಕೆಲಸ ಅಲ್ಲ. ಸೈನ್ ಮಾಡಿದೀರಲ್ಲ, ಓದ್ಕೊಬೇಕಿತ್ತು."

"ಹೇಳಿದ್ನಾ ಇಲ್ವಾ?"

"ಇಂಥೋರಿಗೆ ಓದು ಕೊಟ್ರೂ ಬುದ್ಧಿ ಬರಲ್ಲ," ಲೊರೇನ್ ಕುರ್ಚಿಗಳ ಕಡೆ ತಿರುಗಿ, ಅವರೂ ತನ್ನ ಜೊತೆ ನಗುತ್ತಾರೆ ಅಂದುಕೊಂಡಳು.

ಯಾರೂ ನಗಲಿಲ್ಲ. ವರ್ನೆಲ್ ಅವರನ್ನೇ ಕೇಳಿದಳು. "ನಿಮ್ಮಲ್ಲಿ ಎಷ್ಟು ಜನ ಕೋರ್ಟಲ್ಲಿ 'ಮಾಡ್ದೆ' ಅಂದು ಮನೆಗೆ ಬಂದಿದೀರಿ?"

ಗೋಡೆ ಪಕ್ಕದ ಮುದುಕ ಕೆಮ್ಮಿದ. ಕೈ ಎತ್ತಿದ. ಇನ್ನೊಬ್ಬಳು ಎತ್ತಿದಳು. ಕೆಜಾಯಾ ಕೈ ಎತ್ತಲಿಲ್ಲ, ಎದ್ದೇ ಬಂದಳು.

"ನಂದೂ ಒಂದೈತೆ ಮಿಸ್. ಅಣ್ಣನ ಕಾರಲ್ಲಿ ಕೂತಿದ್ದಕ್ಕೆ." ಫಾರಮ್ಮನ್ನು ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿ ಲೊರೇನಳ ಮೇಜಿನ ಮೇಲಿಟ್ಟಳು. "ಈ ಓದು ಓದಿದ್ರೆ ನಂಗೆ ಜೈಲಲ್ಲಿ ಕೆಲಸ ಸಿಗುತ್ತೆ ಅಂತ ಇಲ್ಲಿ ಬರ್ದು ಸೈನ್ ಹಾಕಿ. ಈಗ್ಲೇ ಸೇರ್ತೀನಿ."

"ಹಾಗೆಲ್ಲ ಬರ್ಕೊಡಕ್ಕಾಗಲ್ಲಮ್ಮ."

"ಯಾಕಾಗಲ್ಲ? ಒಂದೇ ಸಾಲು."

ಮುದುಕ ಎದ್ದು ಬಂದು ತನ್ನ ಫಾರಮ್ಮನ್ನೂ ಮಗುಚಿಟ್ಟ. "ನಂಗೂ ಬರಿ ತಾಯಿ." ಉಳಿದ ಮೂವರೂ ಬಂದರು. ಮೇಜಿನ ಮೇಲೆ ಐದು ಬಿಳಿ ಬೆನ್ನುಗಳು.

ಲೊರೇನ್ ಫೋನ್ ಎತ್ತಿ, "ಪೊಲೀಸಾ? ಇಲ್ಲಿ ಗಲಾಟೆ," ಅಂದಳು. ಮುಂದಿನ ತಂಡದವರು ಆಗಲೇ ಹೊರಗೆ ಕಾರು ನಿಲ್ಲಿಸುತ್ತಿದ್ದರು. ವರ್ನೆಲ್ ಒಂದು ಕುರ್ಚಿಯನ್ನು ದರದರ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತಳು, ಒಳಗೆ ಬರುವವರೆಲ್ಲ ಮೊದಲು ಅವಳ ಹತ್ತಿರ ನಿಲ್ಲಲೇಬೇಕು ಅನ್ನೋ ಹಾಗೆ.

ಕೆಜಾಯಾ ಪೆನ್ನನ್ನು ಲೊರೇನಳ ಮೂಗಿನ ಮುಂದೆ ಹಿಡಿದೇ ನಿಂತಿದ್ದಳು.

"ಬರಿ."